ಅರ್ಧ ಹೇಳಿದರೆ ಸಾಕಾಗುತ್ತಿದ್ದ ಫೋನು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನಮ್ಮ ಪೇಟೆಗೆ ಟೆಲಿಫೋನು ಬಂತು. ನಾಪೋಕ್ಲಿನಿಂದ ಭಾಗಮಂಡಲದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದೇ ಬೀದಿಯ ಪೇಟೆ ಅದು. ಬೀದಿಯ ಕೆಳತುದಿಯಲ್ಲಿ ನಮ್ಮ ಅಂಗಡಿ, ಅಂಗಡಿಯ ಹಿಂದೆ ಮನೆ. ಮೇಲ್ತುದಿಯಲ್ಲಿ ಬಸ್ಸು ನಿಲ್ಲುವ ಆಲದ ಮರ, ಅದರ ಎದುರಿಗೆ ಅಂಚೆ ಕಚೇರಿ, ಅಂಚೆ ಕಚೇರಿಗೆ ಒತ್ತಿಕೊಂಡ ಕೋಣೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜು. ನನ್ನ ಗಂಡ ಸುತ್ತಲಿನ ತೋಟಗಳಿಂದ ಮೆಣಸು, ಏಲಕ್ಕಿ ಕೊಂಡು ಮಡಿಕೇರಿಯ ಮಂಡಿಗೆ ಕಳಿಸುತ್ತಿದ್ದರು. ದರ ಕೇಳಲು ಬೇಕೆಂದು ಫೋನು ಹಾಕಿಸಿದರು. ಅಂಗಡಿಯಲ್ಲಿಟ್ಟರೆ ಬಂದವರೆಲ್ಲ ಮುಟ್ಟಿ ನೋಡುತ್ತಾರೆಂದು ಅದನ್ನು ಮನೆಯ ನಡುಕೋಣೆಯ ಗೋಡೆಗೆ, ಅಕ್ಕಿ ತುಂಬಿಡುವ ಮರದ ಪತ್ತಾಯದ ಪಕ್ಕದಲ್ಲಿ ಕೂರಿಸಿದ್ದಾಯಿತು.

ಆಮೇಲೆ ಬಂದ ಫೋನುಗಳ ಹಾಗೆ ಅದರಲ್ಲಿ ಅಂಕಿಯ ಚಕ್ರ ಇರಲಿಲ್ಲ. ಪಕ್ಕದಲ್ಲಿ ಒಂದು ಹಿಡಿ ಇತ್ತು. ಅದನ್ನು ಗರಗರ ತಿರುಗಿಸಿದರೆ ಎಕ್ಸ್‌ಚೇಂಜಿನ ಹಲಗೆಯಲ್ಲಿ ನಮ್ಮ ಮನೆಯ ಪುಟ್ಟ ಮುಚ್ಚಳ ಟಪ್ ಎಂದು ಬೀಳುತ್ತಿತ್ತು. ಆಪರೇಟರು ಅದನ್ನು ನೋಡಿ, ಒಂದು ತಂತಿಯ ತುದಿಯನ್ನು ನಮ್ಮ ತೂತಿಗೆ ಸಿಕ್ಕಿಸಿ, ಯಾರು ಬೇಕೆಂದು ಕೇಳಿ, ಇನ್ನೊಂದು ತುದಿಯನ್ನು ಅವರ ತೂತಿಗೆ ಸಿಕ್ಕಿಸಬೇಕು. ಮಾತು ಮುಗಿದ ಮೇಲೆ ನಾವು ಮತ್ತೊಂದು ಸಲ ಹಿಡಿ ತಿರುಗಿಸಿದರೆ ಅವರು ತಂತಿ ಕಿತ್ತುಬಿಡುತ್ತಿದ್ದರು. ಸ್ಟಾಂಪು ತರಲು ಹೋದಾಗ ಬಾಗಿಲ ಹೊರಗೆ ನಿಂತು ನಾನಿದನ್ನೆಲ್ಲ ನೋಡಿದ್ದೆ.

ನಿಯಮದ ಪ್ರಕಾರ ಬೇಕಾದವರ ನಂಬರು ಹೇಳಬೇಕು. ನಮ್ಮ ಪೇಟೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಆಪರೇಟರು ಪುತ್ತೂರು ಕಡೆಯವರು, ಚುರುಕು ಮನುಷ್ಯ. ಯಾರ ಮನೆಯಿಂದ ಯಾವ ಹೊತ್ತಿಗೆ ಯಾರಿಗೆ ಫೋನು ಹೋಗುತ್ತದೆಂದು ಅವರ ತಲೆಯೊಳಗೆ ಕೂತುಬಿಟ್ಟಿತ್ತು. ನನ್ನ ಗಂಡ ಬೆಳಿಗ್ಗೆ ಎದ್ದು “ಅಣ್ಣಾ, ಸ್ವಲ್ಪ ಆ…” ಎನ್ನುವಾಗಲೇ ಮಡಿಕೇರಿಯ ಮಂಡಿಗೆ ಟ್ರಂಕ್ ಕಾಲ್ ಬುಕ್ ಆಗಿರುತ್ತಿತ್ತು. ಪೂರ್ತಿ ಹೇಳುವವರನ್ನು ಕಂಡರೆ ಅವರಿಗೆ ಬೇಸರ. ಫೋನು ಬಂದ ಮೊದಲ ದಿನ ನಾನು ಚೀಟಿ ನೋಡಿಕೊಂಡು ನಂಬರು ಓದಿದೆ.

“ಎಂತಕ್ಕ, ನಂಗೆ ಪರೀಕ್ಷೆಯಾ?” ಎಂದರು. “ನಂಬರು ಸರಕಾರಕ್ಕೆ ಇರ್ಲಿ. ನೀವು ಅರ್ಧ ಹೇಳಿದ್ರೆ ಸಾಕು. ಉಳಿದದ್ದು ನಂಗೆ ಗೊತ್ತುಂಟು.”

ಹೀಗೆ ಇಡೀ ಪೇಟೆ ಅರ್ಧ ಮಾತಿಗೆ ಒಗ್ಗಿಹೋಯಿತು.

ನನ್ನ ತವರು ಶನಿವಾರಸಂತೆಯ ಕಡೆ. ಅಲ್ಲಿಯ ಮಾತು ಹಾಸನದ ಮಾತಿನ ಹಾಗೆ. ಗಂಡನ ಮನೆಯವರದ್ದು ಅರೆಭಾಷೆ. ‘ಇದೆ’ ಎನ್ನುವಲ್ಲಿ ‘ಉಟ್ಟು’, ‘ಇಲ್ಲ’ ಎನ್ನುವಲ್ಲಿ ‘ಇಲ್ಲೆ’ ಎನ್ನಲು ನನ್ನ ನಾಲಗೆ ಪಳಗುವುದಕ್ಕೆ ಕಾಲ ಹಿಡಿಯಿತು. ಅತ್ತೆ ಮನೆಯಲ್ಲಿ, ಗದ್ದೆಯಲ್ಲಿ, ಬಸ್ಸಿನಲ್ಲಿ ಎಷ್ಟು ಹೊತ್ತು ಬೇಕಾದರೂ ಮಾತಾಡುವವರು. ಫೋನಿನೊಳಗಿನ ಗಂಡಸಿನ ಹತ್ತಿರ ಮಾತ್ರ ಒಂದು ಶಬ್ದ ಆಡರು.

“ಮುಖ ಕಾಣದವನ ಹತ್ರ ಎಂತ ಹೇಳುದು?” ಎನ್ನುತ್ತಿದ್ದರು.

ಆದರೆ ಫೋನು ಅವರಿಗೆ ಬೇಕಿತ್ತು. ಅವರ ಮಗಳನ್ನು, ಎಂದರೆ ನನ್ನ ಗಂಡನ ಅಕ್ಕನನ್ನು, ಭಾಗಮಂಡಲದ ರಸ್ತೆಯ ಒಂದು ಕಾಫಿ ತೋಟಕ್ಕೆ ಕೊಟ್ಟಿತ್ತು. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ಬಂಗಲೆಯಲ್ಲಿಯೂ ಫೋನಿತ್ತು. ದಿನಾ ಮಧ್ಯಾಹ್ನ ಊಟವಾದ ಮೇಲೆ ತಾಯಿಗೂ ಮಗಳಿಗೂ ಮಾತು. ಹಿಡಿ ತಿರುಗಿಸುವುದು, ಆಪರೇಟರಿಗೆ ಹೇಳುವುದು, ಆ ಕಡೆ ಗಂಟೆ ಬಾರಿಸಿತೆಂದರೆ ರಿಸೀವರನ್ನು ಅತ್ತೆಯ ಕೈಗೆ ಕೊಡುವುದು ನನ್ನ ಕೆಲಸ. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು, “ಊಟ ಆತಾ?” ಎಂದು ಶುರು ಮಾಡುತ್ತಿದ್ದರು. ಎಂತ ಸಾರು ಎಂಬಲ್ಲಿಂದ ಕೋಳಿ, ಕೋಳಿಯಿಂದ ಕೆಲಸದವರು, ಕೆಲಸದವರಿಂದ ನೆಂಟರು. ಸಂಜೆಯ ಕಾಫಿಗೆ ನಾನು ನೀರಿಡುವವರೆಗೆ ಅದು ಮುಗಿಯುತ್ತಿರಲಿಲ್ಲ.

ಮೊದಮೊದಲು ನಾನು “ಅಕ್ಕನ ಮನೆ” ಎನ್ನುತ್ತಿದ್ದೆ. ಸ್ವಲ್ಪ ದಿನದಲ್ಲಿ “ಅಕ್ಕ” ಎಂದರೆ ಸಾಕಾಯಿತು. ಆಮೇಲೆ ನಾನು ಬಾಯಿ ತೆರೆಯುವಾಗಲೇ “ಕೊಟ್ಟೆ” ಎಂಬ ದನಿ ಬರತೊಡಗಿತು. ಕಡೆಗೆ ಅದೂ ನಿಂತುಹೋಯಿತು. ಹಿಡಿ ಬಿಟ್ಟು ರಿಸೀವರು ಕಿವಿಗಿಡುವಷ್ಟರಲ್ಲಿ ಅಕ್ಕನ ಮನೆಯ ಗಂಟೆ ಬಾರಿಸುತ್ತಿರುತ್ತಿತ್ತು. ಆದರೂ ಹಿಡಿ ತಿರುಗಿಸಿ ಪಕ್ಕದಲ್ಲಿ ನಿಲ್ಲುವುದನ್ನು ನಾನು ಬಿಡಲಿಲ್ಲ, ನಿಲ್ಲಿಸಿಕೊಳ್ಳುವುದನ್ನು ಅತ್ತೆಯೂ ಬಿಡಲಿಲ್ಲ. ಆ ಕೆಲಸ ನನ್ನದು ಎಂದು ಆಗಿಹೋಗಿತ್ತು.

ಮದುವೆಗೆ ಮೊದಲು ನಾನು ಶಿಕ್ಷಕಿಯ ಟ್ರೇನಿಂಗ್ ಮುಗಿಸಿದ್ದೆ. ಮುಗಿಸಿದ ವರ್ಷವೇ ಮದುವೆಯಾಯಿತು. ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ರೇಷ್ಮೆ ಸೀರೆಯ ಕೆಳಗೆ ಇತ್ತು. ವರ್ಷಕ್ಕೊಮ್ಮೆ ಸೀರೆಗಳನ್ನು ಬಿಸಿಲಿಗೆ ಹಾಕುವಾಗ ಅದನ್ನೂ ಹೊರಗಿಟ್ಟು, ಸಂಜೆ ಮಡಿಸಿ ಒಳಗಿಡುತ್ತಿದ್ದೆ. ಪಾಠದ ಅಭ್ಯಾಸಕ್ಕೆಂದು ಕರಿಹಲಗೆಯ ಮುಂದೆ ನಿಂತದ್ದು ಬಿಟ್ಟರೆ ನನ್ನದೇ ಎನ್ನುವ ಒಂದು ತರಗತಿಯನ್ನು ನಾನು ಕಂಡಿರಲಿಲ್ಲ. ಮಗಳು ಹುಟ್ಟಿ, ನಡೆದು, ಮಾತು ಕಲಿತಳು. ಆ ವರ್ಷ ಬೇಸಿಗೆ ರಜೆಯಲ್ಲಿ ನಮ್ಮ ಪೇಟೆಯ ಶಾಲೆಯ ಸಣ್ಣ ತರಗತಿಗಳ ಟೀಚರು ಗಂಡನಿಗೆ ವರ್ಗವಾಯಿತೆಂದು ಬಿಟ್ಟುಹೋದರು. ಆ ಜಾಗ ನನಗೆ ಬೇಕೆನಿಸಿತು. ಮದುವೆಯಾದ ಮೇಲೆ ನಾನಾಗಿ ಬೇಕೆಂದುಕೊಂಡದ್ದು ಅದೊಂದೇ.

ಶಾಲೆಯನ್ನು ನಡೆಸುತ್ತಿದ್ದುದು ಊರಿನವರ ಸಮಿತಿ. ಅದರ ಸೆಕ್ರೆಟರಿ ಗುಡ್ಡದ ಮೇಲಿನ ತೋಟದ ಹಿರಿಯರು. ತೀರ ಕಡಿಮೆ ಮಾತಿನವರು. ಹೌದು, ಅಲ್ಲ, ಬನ್ನಿ, ಹೋಗಿ, ಎಲ್ಲಕ್ಕೂ ಒಂದು “ಹ್ಞೂಂ”. ನನ್ನ ಗಂಡ ಅವರನ್ನು ಕಂಡು ಮಾತಾಡಿ ಬಂದರು.

“ಕಲಿಸೋದು ಅವರಲ್ವಾ, ಅವರೇ ಹೇಳ್ಲಿ ಅಂದ್ರು,” ಎಂದರು ಗಂಡ. “ನಾಳೆ ಮಧ್ಯಾಹ್ನ ಊಟ ಆದ್ಮೇಲೆ ಫೋನ್ ಮಾಡಬೇಕಂತೆ. ಅವರು ಅದಾದ ಮೇಲಿನ ಬಸ್ಸಿಗೆ ಮಡಿಕೇರಿಗೆ ಹೋಗಿ ವಿದ್ಯಾ ಇಲಾಖೆ ಆಫೀಸಲ್ಲಿ ಹೆಸರು ಕೊಡ್ತಾರೆ. ಫೋನ್ ಬರದಿದ್ರೆ ಭಾಗಮಂಡಲದ ಕಡೆ ಒಬ್ಬರು ಮೇಷ್ಟ್ರಿದ್ದಾರೆ, ಅವರದ್ದು ಕೊಡೋದಂತೆ.”

“ಅತ್ತೆಗೆ?”

“ಹೆಸರು ಹೋಗಿಬಿಡ್ಲಿ, ಆಮೇಲೆ ಹೇಳುವ. ಮೊದಲೇ ಹೇಳಿದ್ರೆ ಎಂತ ಹೇಳ್ತಾರೆ ಅಂತ ನಿಂಗೂ ಗೊತ್ತು.”

ಗೊತ್ತಿತ್ತು. ಪಕ್ಕದ ಮನೆಯ ಸೊಸೆ ಟೀಚರಾದ ಮೇಲೆ ಆ ಮನೆಯವರು ಬೆಳಿಗ್ಗೆ ಬೇಯಿಸಿದ್ದನ್ನೇ ಮಧ್ಯಾಹ್ನ ತಣ್ಣಗೆ ತಿನ್ನುತ್ತಾರೆಂದು ಅತ್ತೆ ಮಗಳಿಗೆ ಫೋನಿನಲ್ಲಿ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೆ. ಹಾಗೆಂದು ನಾನು ಹೇಳಲು ನೋಡಲಿಲ್ಲ ಎಂದಲ್ಲ. ಅದಕ್ಕೆ ಮೊದಲೇ ಒಂದು ದಿನ ಒಲೆಯ ಮುಂದೆ ಕೂತು, “ಅತ್ತೆ, ಶಾಲೇಲಿ…” ಎಂದು ಶುರು ಮಾಡಿದೆ.

“ಈಗಲೇ ಎಂತ ಅವಸರ? ಮಗು ಇನ್ನೊಂದು ವರ್ಷ ಆಡಿಕೊಂಡಿರ್ಲಿ,” ಎಂದರು ಅತ್ತೆ. ನನ್ನ ಮಾತು ಅಲ್ಲಿಗೆ ಮುಗಿದಿತ್ತು.

ಫೋನು ಮಾಡಬೇಕಾದ ದಿನ ಅನುಕೂಲವಾಗಿಯೇ ಒದಗಿತು. ಅತ್ತೆ ನೆರೆಯವರ ಜೊತೆ ಸಂಗಮದಲ್ಲಿ ಮಿಂದು ಬರಲು ಬೆಳಗಿನ ಬಸ್ಸಿಗೆ ಭಾಗಮಂಡಲಕ್ಕೆ ಹೋದರು. ಅವರು ಮರಳಿ ಬರುವ ಬಸ್ಸೇ ಮುಂದೆ ಮಡಿಕೇರಿಗೆ ಹೋಗುತ್ತಿದ್ದುದು. ಅವರು ಆಲದ ಮರದಡಿ ಇಳಿದ ಮೇಲೆ ಸೆಕ್ರೆಟರಿ ಹತ್ತಬೇಕು. ಅಷ್ಟರೊಳಗೆ ನನ್ನ ಫೋನು ಮುಗಿದಿರಬೇಕು. ಗಂಡ ಮೆಣಸು ತೂಗಿಸಲು ತೋಟಗಳ ಕಡೆ ಹೋಗಿದ್ದರು. ಊಟ ಮಾಡಿ, ಮಗಳಿಗೆ ಉಣಿಸಿ, ಪಾತ್ರೆ ಒಳಗಿಟ್ಟು, ಕೈ ಒರೆಸಿಕೊಂಡು ಫೋನಿನ ಮುಂದೆ ನಿಂತೆ. ಅತ್ತೆ ಮನೆಯಲ್ಲಿಲ್ಲ, ಆದ್ದರಿಂದ ಅತ್ತೆಯ ಫೋನೂ ಇವತ್ತಿಲ್ಲ ಎಂದು ನನ್ನ ಎಣಿಕೆ. ಅತ್ತೆ ಭಾಗಮಂಡಲಕ್ಕೆ ಹೋದ ಸುದ್ದಿ ಎಕ್ಸ್‌ಚೇಂಜಿಗೆ ಯಾರೂ ಹೇಳಿರಲಿಲ್ಲ.

ಹಿಡಿ ತಿರುಗಿಸಿದೆ. “ಅಣ್ಣಾ, ಸೆಕ್ರೆಟರಿ…” ಎಂದೆ. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು. ಇವತ್ತೂ ಬೇಗ ಕೊಟ್ಟರಲ್ಲ ಎಂದುಕೊಂಡೆ. ಯಾರೋ ಎತ್ತಿದರು. ಹಲೋ ಇಲ್ಲ, ಯಾರು ಎಂಬುದಿಲ್ಲ.

“ಹ್ಞೂಂ,” ಎಂದಿತು ಆ ಕಡೆ.

“ಸಾರ್, ನಾನು ಒಪ್ಪಿದ್ದೇನೆ,” ಎಂದೆ. ಬೆಳಗಿನಿಂದ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಒಂದೇ ಉಸಿರಿಗೆ ಬಂತು. “ನನ್ನ ಹೆಸರು ಕೊಡಿ. ಶಾಲೆ ತೆರೆದ ದಿನವೇ ಬರ್ತೇನೆ. ಇವರದ್ದು ಒಪ್ಪಿಗೆ ಇದೆ. ಅತ್ತೆಗೆ ಮಾತ್ರ ಇನ್ನೂ ಹೇಳಿಲ್ಲ, ಹೇಗಾದ್ರೂ ಹೇಳಿ ಒಪ್ಪಿಸ್ತೇವೆ, ಅಲ್ಲಿವರೆಗೆ ತಾವು ಯಾರ ಹತ್ರಾನೂ ಆಡಬೇಡಿ. ಮಗಳ ಬಗ್ಗೆ ಯೋಚನೆ ಬೇಡ ಸಾರ್. ಅವಳು ಅತ್ತೆ ಹತ್ರ ಇರ್ತಾಳೆ.”

ಆ ಕಡೆಯವರು ರಿಸೀವರನ್ನು ಕೆಳಗಿಟ್ಟ ಸದ್ದಾಯಿತು. ಹೆಜ್ಜೆಗಳು ದೂರ ಹೋದವು. ಯಾರೋ ಜಗಲಿಯಾಚೆ ಎಲೆಯಡಿಕೆ ಉಗಿದರು. ಹೆಜ್ಜೆಗಳು ಮರಳಿ ಬಂದವು.

“ಮಗು ಅತ್ತೆ ಹತ್ರ ಇರ್ತದೆ,” ಎಂದರು ಅಕ್ಕ. “ಅತ್ತೆಗೆ ಗೊತ್ತುಟ್ಟಾ ಅದು?”

ನಾನು ರಿಸೀವರು ಇಟ್ಟುಬಿಟ್ಟೆ. ಪತ್ತಾಯಕ್ಕೆ ಒರಗಿ ನಿಂತೆ. ಮಗಳು ಬಂದು ಸೆರಗು ಹಿಡಿದಳು. ಸೆಕ್ರೆಟರಿಗೆ ಫೋನು ಇನ್ನೂ ಹೋಗಿಲ್ಲ ಎಂಬುದು ಆಮೇಲೆ ತಲೆಗೆ ಹತ್ತಿತು. ಹಿಡಿಯನ್ನು ಮತ್ತೆ ತಿರುಗಿಸಿದೆ, ಈ ಸಲ ಚೆನ್ನಾಗಿ. “ಅಣ್ಣಾ, ಸ್ವಲ್ಪ ನಿಲ್ಲಿ, ನಂಬರು ಹೇಳ್ತೇನೆ ಕೇಳಿ,” ಎಂದೆ.

“ನಂಬರೆಂತಕೆ, ನಾ ಇಲ್ಲೇ ಇದ್ದೇನಲ್ಲ,” ಎಂದರು ಅಕ್ಕ. “ಸಾರ್ ಅಂತ ಕರ್ದಿ ನನ್ನ. ಈ ಮನೇಲಿ ಯಾರೂ ಅಷ್ಟು ಮರ್ಯಾದೆ ಕೊಟ್ಟಿರ್ಲಿಲ್ಲೆ.”

ಮತ್ತೆ ಇಟ್ಟೆ. ಮತ್ತೆ ತಿರುಗಿಸಿದೆ. ಮತ್ತೂ ಅಕ್ಕನೇ ಎತ್ತಿದರು. ಈಗ ಅವರು ನಗುತ್ತಿದ್ದರು.

“ಎಷ್ಟು ತಿರ್ಗ್ಸಿದ್ರೂ ನಮ್ಮ ಮನೆ ಗಂಟೆಯೇ ಬಡ್ಕಳುದು. ಅವ ಉಣ್ಣಿಕೆ ಹೋಗಿರ್ತಾನೆ.”

“ಯಾರು?”

“ಎಕ್ಸ್‌ಚೇಂಜಿನವ. ನಿಂಗೆ ಗೊತ್ತಿಲ್ಲೆನಾ? ನಮ್ಮ ತಂತಿ ಸಿಕ್ಸಿಟ್ಟರೆ ಅವಂಗೆ ಊಟದ ಹೊತ್ತು. ಅಮ್ಮಂಗೂ ನಂಗೂ ಮಾತು ಬೇಗ ಮುಗಿಯುದಿಲ್ಲೆ ಅಂತ ಲೆಕ್ಕ. ಬಾಗ್ಲಿಗೆ ಚಿಲಕ ಹಾಕಿ ಗದ್ದೆ ದಾಟಿ ಮನೆಗೆ ಹೋದ್ರೆ ಉಂಡು, ಒಂದು ಬೀಡಿ ಎಳ್ದು ಬರುದು.”

ಆಗ ನನಗೆ ಅರ್ಥವಾಯಿತು. ತಂತಿ ಕೀಳಲು ಅಲ್ಲಿ ಯಾರೂ ಇಲ್ಲ. ನಾನು ಹಿಡಿ ತಿರುಗಿಸಿದರೆ ಬೀಳುವ ಮುಚ್ಚಳವನ್ನು ನೋಡುವವರಿಲ್ಲ, ಗಂಟೆ ಮಾತ್ರ ತಂತಿ ಹಿಡಿದು ನೇರ ಅಕ್ಕನ ಮನೆಗೆ ಹೋಗುತ್ತದೆ. ಸೆಕ್ರೆಟರಿಯ ಮನೆ ಗುಡ್ಡದ ಮೇಲೆ. ಮಗಳನ್ನು ಎತ್ತಿಕೊಂಡು ಹತ್ತುವಷ್ಟರಲ್ಲಿ ಅವರು ಇನ್ನೊಂದು ಕಾಲುದಾರಿಯಲ್ಲಿ ಇಳಿದು ಬಸ್ಸಿಗೆ ಬಂದಿರುತ್ತಾರೆ.

“ಅಕ್ಕ, ಬಸ್ಸಿಗೆ ಮೊದಲು ಅವರಿಗೆ ಹೇಳಬೇಕಿತ್ತು,” ಎಂದೆ.

“ಯಾವ ಬಸ್ಸು?”

“ಅತ್ತೆ ಬರೋ ಬಸ್ಸು.”

ಅಕ್ಕನಿಗೆ ಮತ್ತೆ ನಗು ಬಂತು. ಅದು ನಿಲ್ಲುವವರೆಗೆ ನಾನು ಕಾದೆ.

“ಹೇಳದಿದ್ರೆ?”

“ಬೇರೆಯವರ ಹೆಸರು ಹೋಗ್ತದೆ.”

“ನಿಂಗೆ ಅಷ್ಟು ಬೇಕಾ ಆ ಕೆಲ್ಸ?”

“ಬೇಕು ಅಕ್ಕ. ನನಗೆ ಕಲಿಸಬೇಕು.”

ಅಕ್ಕ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಫೋನಿನೊಳಗೆ ದೂರದಿಂದ ಹಾರ್ನ್ ಕೇಳಿಸಿತು. ಅವರ ತೋಟದ ಗೇಟಿನ ತಿರುವಿನಲ್ಲಿ ಎಲ್ಲ ಡ್ರೈವರುಗಳೂ ಉದ್ದಕ್ಕೆ ಹಾರ್ನ್ ಒತ್ತುತ್ತಿದ್ದರು.

“ಬಂತು ನೋಡು ಬಸ್ಸು,” ಎಂದರು ಅಕ್ಕ. “ಹೋಗು, ಮರದ ಹತ್ರ ಹೋಗಿ ಹಿಡಿ ಅವರನ್ನ. ಅಮ್ಮನ ಹತ್ರ ನಾ ಹೇಳುದಿಲ್ಲೆ. ನಾಳೆ ಮಧ್ಯಾಹ್ನದ ತನಕ ಹೇಳುದಿಲ್ಲೆ. ಆಮೇಲೆ ನನ್ನ ಬಾಯಿಗೆ ನಾ ಜವಾಬ್ದಾರಿ ಅಲ್ಲ.”

ಮಗಳನ್ನು ಸೊಂಟಕ್ಕೇರಿಸಿ ಬೀದಿ ಹತ್ತಿದೆ. ಓಡುವುದು ಚೆನ್ನಾಗಿ ಕಾಣುವುದಿಲ್ಲವೆಂದು ಬೇಗ ಬೇಗ ನಡೆದೆ. ಎಕ್ಸ್‌ಚೇಂಜಿನ ಬಾಗಿಲಿಗೆ ಚಿಲಕ ಹಾಕಿತ್ತು. ಒಳಗೆ ಟಪ್ ಎಂದು ಯಾರದೋ ಮುಚ್ಚಳ ಬಿದ್ದದ್ದು ಕೇಳಿಸಿತು. ಆಲದ ಮರದ ಕೆಳಗೆ ಮಡಿಕೇರಿಗೆ ಹೋಗುವವರು ಕುಕ್ಕೆ, ಬ್ಯಾಗು ಇಟ್ಟುಕೊಂಡು ನಿಂತಿದ್ದರು. ಸೆಕ್ರೆಟರಿ ಅವರಲ್ಲಿ ಇರಲಿಲ್ಲ.

ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಹಿಂದಿನ ಬಾಗಿಲಿನಿಂದ ಮೊದಲು ಒಂದು ಬಟ್ಟೆಯ ಗಂಟು ಇಳಿಯಿತು, ಅದರ ಹಿಂದೆ ತೀರ್ಥದ ಸೀಸೆ ಹಿಡಿದ ಅತ್ತೆ.

“ನೀ ಎಂತಕೆ ಬಂದದ್ದು? ಮಗುಗೆ ಜ್ವರನಾ?” ಎಂದು ಮಗಳ ಹಣೆ ಮುಟ್ಟಿ ನೋಡಿದರು.

“ಇಲ್ಲ ಅತ್ತೆ, ನಾನು…”

“ನನ್ನ ಕರ್ಕಂಡು ಹೋಕೆ ಬಂದದ್ದಾ? ಒಳ್ಳೇದಾತ್. ಈ ಗಂಟು ಹಿಡಿ.”

ಗಂಟು ನನ್ನ ಕೈಗೆ ಬಂತು. ಒಂದು ಕಡೆ ಮಗಳು, ಇನ್ನೊಂದು ಕಡೆ ಒದ್ದೆ ಸೀರೆಯ ಗಂಟು. ಆ ಹೊತ್ತಿಗೆ ಎದುರಿನ ಹೋಟೆಲಿನಿಂದ ಸೆಕ್ರೆಟರಿ ಬಾಯಿ ಒರೆಸಿಕೊಳ್ಳುತ್ತ ಬಂದು, ಯಾರ ಕಡೆಗೂ ನೋಡದೆ ಮುಂದಿನ ಬಾಗಿಲಿನಿಂದ ಹತ್ತಿ ಕಿಟಕಿಯ ಪಕ್ಕ ಕೂತರು. ಕೊಡೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡರು. ಕಂಡಕ್ಟರು ಸೀಟಿ ಬಾಯಿಗಿಟ್ಟ.

ನಾನು ಕಿಟಕಿಯ ಕೆಳಗೆ ಹೋಗಿ ನಿಂತೆ.

“ಸಾರ್, ಫೋನ್ ಮಾಡ್ಲಿಕ್ಕೆ ಆಗ್ಲಿಲ್ಲ. ನನ್ನ ಹೆಸರು ಕೊಡಿ. ನಾನು ಶಾಲೆಗೆ ಬರ್ತೇನೆ. ಶಾಲೆ ತೆರೆದ ದಿನದಿಂದ್ಲೇ ಬರ್ತೇನೆ.”

“ಹ್ಞೂಂ,” ಎಂದರು ಸೆಕ್ರೆಟರಿ. ಆಮೇಲೆ ನನ್ನ ತಲೆಯ ಮೇಲಿಂದ ಅತ್ತೆಯ ಕಡೆ ನೋಡಿದರು. ಅಪರೂಪಕ್ಕೆ ಒಂದು ಪೂರ್ತಿ ವಾಕ್ಯ ಆಡಿದರು. “ಮನೇಲಿ ಹಿರಿಯರು ಎಂತ ಹೇಳ್ತಾರೆ?”

ಅತ್ತೆ ಹಿಂದೆಯೇ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ನೋಡಿದರು, ಮಗುವನ್ನು ನೋಡಿದರು, ಸೆಕ್ರೆಟರಿಯನ್ನು ನೋಡಿದರು.

“ಸಾರ್, ಇದು ಬಸ್ಸು. ಪಂಚಾಯ್ತಿಕಟ್ಟೆ ಅಲ್ಲ,” ಎಂದ ಕಂಡಕ್ಟರು.

“ನೀ ಸ್ವಲ್ಪ ಸುಮ್ನಿರು ಮಾರಾಯ, ಘಟ್ಟ ಎಲ್ಲಿಗೂ ಓಡಿಹೋಗಲ್ಲ,” ಎಂದರು ಒಳಗಿನಿಂದ ಯಾರೋ. ಜನರಿಗೆ ಕುತೂಹಲ ಹುಟ್ಟಿತ್ತು.

ಅನ್ನ ಯಾರು ಮಾಡುವುದು, ಹಸು ಯಾರು ಕರೆಯುವುದು, ಮಗು ಅತ್ತರೆ ಯಾರು, ಇವಕ್ಕೆಲ್ಲ ನನ್ನ ಹತ್ತಿರ ಉತ್ತರವಿತ್ತು. ಗಂಡನೂ ನಾನೂ ಕೂತು ಯೋಚಿಸಿ ಇಟ್ಟುಕೊಂಡದ್ದು. ಅತ್ತೆ ಅವು ಯಾವುದನ್ನೂ ಕೇಳಲಿಲ್ಲ.

“ನೀ ಶಾಲೆಗೆ ಹೋದ್ರೆ ಮಧ್ಯಾಹ್ನ ಫೋನು ಯಾರ್ ಮಾಡುದು?” ಎಂದರು.

ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ಗಂಟು ಜಾರುತ್ತಿತ್ತು, ಅದನ್ನು ತೊಡೆಗೆ ಒತ್ತಿ ಹಿಡಿದೆ.

“ಹಿಡಿ ತಿರುಗಿಸಿದ್ರೆ ಸಾಕು ಅತ್ತೆ. ಬಾಯಿ ಬಿಡೋದೇ ಬೇಡ. ಇವತ್ತು ಇವರಿಗೆ ಮಾಡೋಣ ಅಂತ ತಿರುಗಿಸಿದೆ, ಅಕ್ಕನಿಗೆ ಹೋಯ್ತು. ಇಟ್ಟು ಮತ್ತೆ ತಿರುಗಿಸಿದೆ, ಮತ್ತೆ ಅಕ್ಕ. ಇನ್ನೊಂದು ಸಲ ಮಾಡಿದ್ರೂ ಅಕ್ಕನೇ. ಆ ಹೊತ್ತಲ್ಲಿ ನಮ್ಮನೆ ಫೋನು ಯಾರು ತಿರುಗಿಸಿದ್ರೂ ಅಲ್ಲಿಗೇ ಹೋಗೋದು.”

“ಅವ ಎಂತ ಕೇಳುದಿಲ್ಲೆನಾ?”

“ಒಂದು ಶಬ್ದ ಕೇಳಲ್ಲ.”

“ಮತ್ತೆ ಇಷ್ಟು ದಿನ ನೀ ಎಂತಕೆ ಪಕ್ಕಲ್ಲಿ ನಿಂತದ್ದು?”

ಬಸ್ಸಿನೊಳಗೆ ನಗು ಎದ್ದಿತು. ಸೆಕ್ರೆಟರಿ ನಗಲಿಲ್ಲ. ಅವರು ಕಾಯುತ್ತಿದ್ದರು. ಅತ್ತೆ ತೀರ್ಥದ ಸೀಸೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

“ಬರ್ಕಣಿ ಹೆಸರು,” ಎಂದರು ಅವರಿಗೆ. “ಮಗುಗೆ ನಾ ಇಲ್ಲೆನಾ?”

“ಹ್ಞೂಂ,” ಎಂದರು ಸೆಕ್ರೆಟರಿ. ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು.

ಅತ್ತೆ ಮುಂದೆ, ನಾನು ಹಿಂದೆ ಬೀದಿ ಇಳಿದೆವು. ಅಂಗಡಿ ಕಾಣಿಸಿದ ಮೇಲೆ, “ನಿನ್ನ ಗಂಡಂಗೆ ಗೊತ್ತಿತ್ತಾ?” ಎಂದರು.

“ಗೊತ್ತಿತ್ತು.”

“ನನ್ನ ಮಗಳಿಗೆ?”

“ಮಧ್ಯಾಹ್ನ ಗೊತ್ತಾಯ್ತು.”

“ಬಸ್ಸಿನವರಿಗೂ ಗೊತ್ತಾತ್,” ಎಂದರು. ಅಷ್ಟೇ ಹೇಳಿ ಒಳಗೆ ಹೋದರು. ಅದಾದ ಮೇಲೆ ಬಹಳ ದಿನ ನನ್ನ ಸಾರಿಗೆ ಉಪ್ಪು ಕಡಿಮೆಯೋ ಹೆಚ್ಚೋ ಆಗಿರುತ್ತಿತ್ತು. ನಾನು ಹಾಕುತ್ತಿದ್ದುದು ಎಂದಿನಷ್ಟೇ ಉಪ್ಪು.

ಮಾರನೆಯ ದಿನ ಅಂಚೆ ಕಚೇರಿಗೆ ಹೋದಾಗ ಆಪರೇಟರಿಗೆ ಹೀಗೀಗಾಯಿತು ಎಂದು ಹೇಳಿದೆ. ಅವರು ತಲೆ ಕೆರೆದುಕೊಂಡರು.

“ಆ ಹೊತ್ತಿಗೆ ನಿಮ್ಮ ಮುಚ್ಚಳ ಬಿದ್ರೆ ನಾನು ಬೇರೆ ಎಂತ ಅಂತ ಎಣಿಸ್ಲಿ ಅಕ್ಕ? ನೀವು ಬಾಯಿಬಿಟ್ಟು ಹೇಳ್ಬೇಕಿತ್ತು.”

“ಹೇಳುವ ಮೊದಲೇ ಕೊಟ್ಟು ಹೋಗಿದ್ರಿ.”

“ಅದು ಹೌದು,” ಎಂದು ಒಪ್ಪಿಕೊಂಡರು. “ಇನ್ನು ಮೇಲೆ ಕೇಳಿಯೇ ಕೊಡ್ತೇನೆ, ಆಯ್ತಾ? ಪೂರ್ತಿ ಕೇಳಿ ಕೊಡ್ತೇನೆ.”

“ಬೇಡ,” ಎಂದೆ. “ಬೇರೆ ಹೊತ್ತಲ್ಲಿ ಕೇಳಿ. ಆ ಒಂದು ಹೊತ್ತು ಮಾತ್ರ ದಯವಿಟ್ಟು ಏನೂ ಕೇಳಬೇಡಿ. ಹಿಡಿ ತಿರುಗಿದರೆ ಕೊಟ್ಟುಬಿಡಿ, ಊಟಕ್ಕೂ ಹೋಗಿ.”

ಅವರು ನನ್ನ ಮುಖ ನೋಡಿದರು. ಯಾಕೆಂದು ಕೇಳಲಿಲ್ಲ. ಅರ್ಧ ಹೇಳಿದ್ದು ಅವರಿಗೆ ಸಾಕಾಯಿತು.

ಶಾಲೆ ತೆರೆಯಿತು. ನಾನು ಬೆಳಿಗ್ಗೆ ಅಡಿಗೆ ಮಾಡಿಟ್ಟು ಹೋಗುತ್ತಿದ್ದೆ. ಅತ್ತೆ ಮಧ್ಯಾಹ್ನ ಅದನ್ನು ಬಿಸಿ ಮಾಡಿ ಉಂಡು, ಮೊಮ್ಮಗಳನ್ನು ಪತ್ತಾಯದ ಮೇಲೆ ಕೂರಿಸಿ, ತಾವೇ ಹಿಡಿ ತಿರುಗಿಸುತ್ತಿದ್ದರು. ಮೊದಲ ದಿನ ತೋಳು ನೋಯುವಷ್ಟು ತಿರುಗಿಸಿದರಂತೆ. ಅಕ್ಕ ಹೇಳಿದ್ದು: “ಗಂಟೆ ನಿಲ್ಲುದೇ ಇಲ್ಲೆ. ನಾ ತೋಟಕ್ಕೆ ಬೆಂಕಿ ಬಿತ್ತಾ ಅಂತ ಓಡಿ ಬಂದೆ.” ನನ್ನ ಗಂಡನಿಗೆ ಮಾತ್ರ ಕಷ್ಟವಾಯಿತು. ಮಧ್ಯಾಹ್ನ ಮಂಡಿಯ ದರ ಬೇಕಾದರೆ ಅಕ್ಕನೇ ಸಿಗುತ್ತಿದ್ದರು, ಎಂತ ಸಾರು ಎಂದು ಕೇಳಿ ಇಡಬೇಕಾಗುತ್ತಿತ್ತು. ಅವರು ಆ ಹೊತ್ತಿನ ವ್ಯಾಪಾರವನ್ನು ಸಂಜೆಗೆ ತಳ್ಳಿದರು.

ನನ್ನ ತರಗತಿಯ ಕಿಟಕಿಯಿಂದ ಎಕ್ಸ್‌ಚೇಂಜಿನ ಹಿಂಭಾಗ, ಅದರಾಚೆಯ ಗದ್ದೆ ಕಾಣುತ್ತಿತ್ತು. ಮಧ್ಯಾಹ್ನದ ಪಾಠದ ನಡುವೆ ಆಪರೇಟರು ಗದ್ದೆಯ ಬದುವಿನ ಮೇಲೆ ಮನೆಗೆ ಹೋಗುವುದು ಕಂಡರೆ ಅತ್ತೆಗೆ ಫೋನು ಸಿಕ್ಕಿತು ಎಂದು ತಿಳಿದು ನಾನು ಹಲಗೆಯ ಕಡೆ ತಿರುಗುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಅವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಮೈಸೂರಿನ ಕಡೆಯ ಒಬ್ಬಳು ಹುಡುಗಿ ಬಂದಳು. ನಿಯಮ ಕಲಿತು ಬಂದವಳು. ಅವಳು ಬಂದ ದಿನ, ಇನ್ನು ನಂಬರು ಹೇಳಬೇಕೆಂದು ಅತ್ತೆಗೆ ಹೇಳಿ ಹೋಗಲು ನನಗೆ ನೆನಪಾಗಲಿಲ್ಲ, ತರಗತಿಯಲ್ಲಿ ಕೂತ ಮೇಲೆ ನೆನಪಾಯಿತು. ಆ ಮಧ್ಯಾಹ್ನ ಗದ್ದೆಯ ಬದುವಿನ ಮೇಲೆ ಯಾರೂ ಹೋಗಲಿಲ್ಲ.

ಸಂಜೆ ಮನೆಗೆ ಬಂದಾಗ ಫೋನು ಬಡಿದುಕೊಳ್ಳುತ್ತಿತ್ತು. ಎತ್ತಿದೆ. ಅಕ್ಕ.

“ಅಮ್ಮ ಇವತ್ತು ಎಂತಕೆ ಫೋನು ಮಾಡ್ಲಿಲ್ಲೆ? ನಾನೇ ತಿರ್ಗ್ಸಿ ತಿರ್ಗ್ಸಿ ಸಾಕಾತ್. ಎಕ್ಸ್‌ಚೇಂಜಲ್ಲಿ ಯಾರೂ ಎತ್ತುದೇ ಇಲ್ಲೆ.”

ಅತ್ತೆ ಜಗಲಿಯಲ್ಲಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದರು. ಹೋಗಿ ಕೇಳಿದೆ.

“ತಿರ್ಗ್ಸಿದೆ. ಎಂತದೋ ಇಂಗ್ಲಿಷಲ್ಲಿ ಕೇಳ್ತ್ ಒಂದು ಹುಡುಗಿ,” ಎಂದರು. “ಮಗಳ ಮನೆ ಕೆಲಸದವಳು ಅಂತ ಎಣಿಸಿ, ಊಟ ಆತಾ ಅಂದೆ. ಇನ್ನೂ ಇಲ್ಲಮ್ಮ ಅಂತ್. ಎಕ್ಸ್‌ಚೇಂಜಿಗೆ ಬಂದ ಹೊಸ ಹುಡುಗಿ ಅಂತೆ ಅದು. ಪಾಪ, ಹೋಟೆಲಿನ ಸಾರು ಖಾರ ಅಂತೆ. ನಾಳೆ ಶಾಲೆಗೆ ಹೋಗುವಾಗ ಒಂದು ಬುತ್ತಿ ಕೊಟ್ಟು ಹೋಗು ಅದ್ಕೆ.”